ಉಬ್ಬದ ಹಿಟ್ಟಿಗೆ ಐದಕ್ಕೆ ಸೊನ್ನೆ

ಪ್ರಾಥಮಿಕ ವಿಭಾಗದ ಮಾನ್ಯ ಮುಖ್ಯಸ್ಥರೇ,

ಎರಡು ಪಾವು ಅಕ್ಕಿ, ಅರ್ಧ ಪಾವು ಉದ್ದು, ಎರಡು ಸ್ಟೀಲ್ ಪಾತ್ರೆ, ಒಂದು ಗೋಣಿಚೀಲ, ಜನವರಿಯ ಒಂದು ರಾತ್ರಿ ಮತ್ತು ತನ್ನ ಕಣ್ಣಿನ ಮೇಲೆ ನನ್ನ ಮೊಮ್ಮಗಳಿಗಿದ್ದ ನಂಬಿಕೆ. ನಿಮ್ಮ ವಿಜ್ಞಾನದ ಒಂದು ವರ್ಕ್‌ಶೀಟಿಗೆ ನಮ್ಮ ಮನೆಯಿಂದ ಹೋದದ್ದು ಇಷ್ಟು. ಮೊದಲ ಐದರ ಬಗ್ಗೆ ನನ್ನ ತಕರಾರಿಲ್ಲ. ಕೊನೆಯದನ್ನು ವಾಪಸು ಕೇಳಲು ಬರೆಯುತ್ತಿದ್ದೇನೆ. ನೀವೂ ಕನ್ನಡದವರಾದ್ದರಿಂದ ಕೋಲ್ಕತ್ತದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೇ.

"ಬಾಯಿಪಾಠ ಬೇಡ, ಮಗು ತಾನೇ ಕಂಡುಹಿಡಿಯಲಿ" ಎಂದು ಪೋಷಕರ ಸಭೆಯಲ್ಲಿ ನೀವು ಹೇಳಿದಾಗ ಮೊದಲು ಚಪ್ಪಾಳೆ ತಟ್ಟಿದವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಉಡುಪಿ ಕಡೆಯಿಂದ ಬಂದು, ಇಲ್ಲಿನ ಸೆಕ್ಟರ್ ಫೈವಿನ ಆಫೀಸಿನವರಿಗೆ ಇಡ್ಲಿ ಬೇಯಿಸುವ ನಾನು ಕಲಿತದ್ದೆಲ್ಲ ಹಾಗೆಯೇ. ನಾಲ್ಕನೇ ತರಗತಿಯ ನಮ್ಮ ದೀಕ್ಷಾಳಿಗೆ ಬಂದ ಹಾಳೆಯಲ್ಲಿ ಹೀಗಿತ್ತು: ರುಬ್ಬಿದ ಹಿಟ್ಟನ್ನು ರಾತ್ರಿಯಿಡೀ ಇಡಿ, ಬೆಳಿಗ್ಗೆ ಕಂಡದ್ದನ್ನು ಬರೆಯಿರಿ. ಕೋಲ್ಕತ್ತದ ಜನವರಿಯಲ್ಲಿ ಹಿಟ್ಟು ಸುಮ್ಮನೆ ಉಬ್ಬುತ್ತದೆಯೇ? ನನ್ನ ಹೆಂಡತಿ ಪ್ರಫುಲ್ಲಾ ಮೂವತ್ತು ಚಳಿಗಾಲದಿಂದ ಪಾತ್ರೆಗೆ ಗೋಣಿ ಸುತ್ತಿ ಒಲೆಯ ಪಕ್ಕ ಇಡುತ್ತ ಬಂದಿದ್ದಾಳೆ. ಅದನ್ನು ನೋಡಿದ್ದ ಹುಡುಗಿ ಒಂದು ಪಾತ್ರೆಯನ್ನು ಕಿಟಕಿಯಲ್ಲಿಟ್ಟಳು, ಇನ್ನೊಂದನ್ನು ಅಜ್ಜಿಯ ಗೋಣಿಯೊಳಗೆ. ಬೆಳಿಗ್ಗೆ ಕುಣಿದಾಡಿದಳು: "ಅಜ್ಜ, ಕಿಟಕಿದು ಸ್ಟಿಲ್ ಸ್ಲೀಪಿಂಗ್! ಗೋಣಿದು ಓವರ್‌ಫ್ಲೋ!" ಎರಡನ್ನೂ ಬರೆದಳು. ಕೆಳಗೆ, ಹಿಟ್ಟಿಗೂ ಚಳಿ ಆಗುತ್ತದಾ ಎಂದು ತನ್ನದೇ ಒಂದು ಪ್ರಶ್ನೆಯನ್ನೂ ಹಾಕಿದಳು.

ಐದಕ್ಕೆ ಸೊನ್ನೆ! ಏಕೆಂದರೆ ಉತ್ತರಸೂಚಿಯಲ್ಲಿದ್ದದ್ದು "ಹಿಟ್ಟು ಎರಡು ಪಟ್ಟು ಉಬ್ಬಿತು" ಎಂಬ ಒಂದೇ ಸಾಲು. ಪಕ್ಕದ ಬೆಂಚಿನ ವಿಶ್ವಾಸ್‌ಗೆ ಐದಕ್ಕೆ ಐದು. ಅವನ ತಂದೆ ನನ್ನ ಹೋಟೆಲಿನಲ್ಲೇ ನಗುತ್ತ ಹೇಳಿದರು: "ನಮ್ಮಲ್ಲಿ ಗ್ರೈಂಡರೇ ಇಲ್ಲ ಕಿಟ್ಟಣ್ಣ, ಅಕ್ಕನ ಹಳೇ ಶೀಟ್ ನೋಡಿ ಬರೆದ." ನಾನು ನಿಮ್ಮ ಕೋಣೆಗೆ ಬಂದೆ. ನೀವೇನೆಂದಿರಿ? "ಮಗು ಬರೆದಿದ್ದು ಸರಿ ಇರ್ಬಹುದು ಯಜಮಾನ್ರೇ, ಆನ್ಸರ್ ಕೀಗೆ ಮ್ಯಾಚ್ ಆಗಲ್ವಲ್ಲ. ಎಲ್ಲರಿಗೂ ಒಂದೇ ರೂಲ್." ಸ್ವಾಮೀ, ನಲವತ್ತು ಮಕ್ಕಳು ಏನು ಕಂಡುಹಿಡಿಯಬೇಕೆಂದು ಮೊದಲೇ ಅಚ್ಚು ಹಾಕಿಸಿ ಬೀರುವಿನಲ್ಲಿ ಇಟ್ಟುಕೊಂಡ ಮೇಲೆ ಅದಕ್ಕೆ ಅನ್ವೇಷಣೆ ಎಂಬ ಹೆಸರೇಕೆ? ನನ್ನ ಅಡುಗೆಯವನು ಪಾತ್ರೆಯ ಮುಚ್ಚಳ ತೆಗೆಯದೆ, ಗೋಡೆಯ ಚೀಟಿ ಓದಿ "ಉಬ್ಬಿದೆ" ಎಂದರೆ ಆ ದಿನ ಗಿರಾಕಿಯ ತಟ್ಟೆಗೆ ಬೀಳುವುದು ಇಡ್ಲಿಯಲ್ಲ, ಕಲ್ಲು.

ಕಳೆದ ವಾರ ಮುಳುಗುವ, ತೇಲುವ ವಸ್ತುಗಳ ಹಾಳೆ ಬಂತು. ದೀಕ್ಷಾ ಬಕೆಟ್ಟಿನ ಎದುರು ಕೂತಳು, ಕೈಯಲ್ಲಿ ಲಿಂಬೆಹಣ್ಣು. ನೀರಿಗೆ ಹಾಕಲೇ ಇಲ್ಲ.

"ಅಜ್ಜ, ಮಿಸ್‌ಗೆ ಇದು ಮುಳುಗ್ಬೇಕಾ, ತೇಲ್ಬೇಕಾ?"

"ಹಾಕಿ ನೋಡು ಮಗಾ."

"ನೋಡಿದ್ರೆ ತಪ್ಪಾಗ್ತದೆ."

ನನಗೆ ಅಂಕ ಬೇಡ, ನಿಮ್ಮ ಕ್ಷಮೆಯೂ ಬೇಡ. ಆ ಉತ್ತರಸೂಚಿ ತೆಗೆಯಿರಿ. ದೀಕ್ಷಾಳ ಕೈಯಿಂದಲೇ ತರಗತಿಯಲ್ಲಿ ಎರಡು ಪಾತ್ರೆ ಇಡಿಸಿ, ಮರುದಿನ ಎಲ್ಲರೂ ಮುಚ್ಚಳ ತೆಗೆದು ನೋಡಲಿ. ಹಿಟ್ಟು, ಗೋಣಿ ನಾನು ತರುತ್ತೇನೆ. ಚಳಿ ಮುಗಿಯುವುದರೊಳಗೆ ಆಗಬೇಕು. ಮಾರ್ಚಿಗೆ ಎರಡೂ ಉಬ್ಬಿ ನಿಮ್ಮ ಸೂಚಿಯೇ ಗೆದ್ದುಬಿಡುತ್ತದೆ. ಅಲ್ಲಿಯವರೆಗೆ ನಮ್ಮ ಮನೆಯ ಹಾಳೆಯಲ್ಲಿ ಕಂಡದ್ದೇ ಬರುತ್ತದೆ. ಸೊನ್ನೆ ಎಷ್ಟು ಬೇಕಾದರೂ ಹಾಕಿ.

ಈವರೆಗಿನ ಲೆಕ್ಕ: ವಿಶ್ವಾಸ್‌ಗೆ ಐದು ಅಂಕ. ನಿಮಗೆ ಒಂದೇ ಥರದ ಮೂವತ್ತೊಂಬತ್ತು ಹಾಳೆ. ನಮಗೆ ಉಬ್ಬದ ಹಿಟ್ಟಿನ ದೋಸೆ. ದೀಕ್ಷಾಳಿಗೆ, ಇನ್ನೂ ಒದ್ದೆಯಾಗದ ಒಂದು ಲಿಂಬೆಹಣ್ಣು.

ಇಂತಿ,
ಮೂವತ್ತು ಚಳಿಗಾಲ ಹಿಟ್ಟು ಉಬ್ಬಿಸಿಯೂ ನಿಮ್ಮ ನಾಲ್ಕನೇ ತರಗತಿಯಲ್ಲಿ ಫೇಲಾದ
ಇಡ್ಲಿ ಕಿಟ್ಟ