ಕಾಂತೇಶನ ಕೌಬಾಯ್ ಸಿನಿಮಾ

ಜೂನ್ 9, ಬೆಳಿಗ್ಗೆ

ಇವತ್ತೂ ಅವ್ವ ರೊಟ್ಟಿ ಮುಟ್ಟಲಿಲ್ಲ. ಎರಡು ಗುಟುಕು ಚಹಾ, ಅಷ್ಟೇ. ಕಾಂತೇಶಣ್ಣನನ್ನು ಮಣ್ಣು ಮಾಡಿ ತಿಂಗಳು ದಾಟಿತು. ಅವ್ವ ಒಮ್ಮೆಯೂ ಅತ್ತಿಲ್ಲ. ಆ ದಿನವೂ ಅಣ್ಣನ ಬಲಗೈಯನ್ನೇ ನೋಡುತ್ತ ಕೂತಿದ್ದಳು. ಶಾಲು ಹೊದಿಸಲು ಹೋದವರಿಗೆ, "ಕೈ ಮುಚ್ಚಬ್ಯಾಡ್ರಿ" ಎಂದಳು. ಯಾಕೆಂದು ಕೇಳುವ ತ್ರಾಣ ನನಗಿರಲಿಲ್ಲ. ಈಗಲೂ ಇಲ್ಲ. ಶಹಾಪುರದ ಬಸ್ಸಿಗೆ ಹೊತ್ತಾಯಿತು. ಶಾಲೆ...

ಜೂನ್ 11

ಸ್ಟಾಫ್ ರೂಮಿನಲ್ಲಿ ನಯೀಮ ಸರ್ ಮೊಬೈಲ್ ಮುಂದೆ ಹಿಡಿದರು. "ಮೇಡಂ, ನಿಮ್ಮ ಅಣ್ಣಾರ ಪಿಚ್ಚರ್ ಯೂಟ್ಯೂಬಿನ್ಯಾಗ ಬಂದದರಿ."

ಇಲ್ಲೇ ಶಹಾಪುರದ ಗುಡ್ಡದಲ್ಲಿ ತೆಗೆದ ಕೌಬಾಯ್ ಸಿನಿಮಾ. ನಾನಾಗ ಹೈಸ್ಕೂಲಿನಲ್ಲಿದ್ದೆ. ಪರೀಕ್ಷೆ ಅಂತ ಟಾಕೀಸಿಗೂ ಹೋಗಲಿಲ್ಲ. ಕಳ್ಳರ ಗುಂಪಿನಲ್ಲಿ ಅಣ್ಣನೂ ಒಬ್ಬ. ಒಂದೇ ಸೀನು — ಗುಂಡು ತಿಂದು ಬೀಳುವುದು.

ಬಸ್ಸಿನಲ್ಲಿ ಅರ್ಧ ನೋಡಿದೆ. ದೇವರೇ, ಎಂಥ ಸಿನಿಮಾ. ಟಾಂಗಾದಿಂದ ಬಿಚ್ಚಿ ತಂದ ಕುದುರೆಗಳು, ಓಡಲು ಒಲ್ಲೆ ಎನ್ನುತ್ತವೆ. ಹೀರೋ ಬಿಳಿ ಕುದುರೆ ಹತ್ತಿ ಕಂದು ಕುದುರೆಯಿಂದ ಇಳಿಯುತ್ತಾನೆ. ಪಿಸ್ತೂಲಿನ ಹೊಗೆ ಮೊದಲು, ಸದ್ದು ಆಮೇಲೆ. ಬಂಡೆಯ ಹಿಂದೆ ಕೆಂಪು ಬಸ್ಸು ಹೋಗುತ್ತದೆ, ಟೆಕ್ಸಾಸಿಗೋ ಯಾದಗಿರಿಗೋ. ಆದರೂ ಬಂದ್ ಮಾಡಲು ಮನಸ್ಸಾಗಲಿಲ್ಲ. ಎಲ್ಲರೂ ಎಷ್ಟು ನಂಬಿ ಮಾಡಿದ್ದಾರೆ...

ಅಣ್ಣನ ಸೀನು ಬರುವ ಮೊದಲು ನಿಲ್ಲಿಸಿದೆ. ಅವನು ಸಾಯುವುದನ್ನು ಇನ್ನೊಮ್ಮೆ ನೋಡಲಾರೆ.

ಜೂನ್ 12

ನಯೀಮ ಸರ್ ಬಾಯಿ ಸುಮ್ಮನಿರುವುದಿಲ್ಲ. ಸಂಜೆ ಮನೆಗೆ ಬಂದವರು ಅವ್ವನಿಗೂ ಹೇಳಿಬಿಟ್ಟರು.

"ತೋರಸು, ಸುಮಂಗಲಾ."

"ಬ್ಯಾಡವ್ವ. ಅದ್ರಾಗ ಅಣ್ಣ ಸಾಯ್ತಾನ."

"ಗೊತ್ತದ. ಟಾಕೀಸಿನ್ಯಾಗ ನೋಡೀನಿ."

ಚಾರ್ಜ್ ಇಲ್ಲ ಎಂದು ಸುಳ್ಳು ಹೇಳಿದೆ. ಅವ್ವ ಗೋಡೆಗೆ ಮುಖ ಮಾಡಿ ಮಲಗಿದಳು. ಈಗ ಚಹಾನೂ ಬೇಡವಂತೆ.

ಜೂನ್ 15, ಭಾನುವಾರ, ಮಧ್ಯಾಹ್ನ

ಸೋತೆ. ಹೀಗೇ ಬಿಟ್ಟರೆ ಇವಳನ್ನೂ ಕಳಕೊಳ್ಳುತ್ತೇನೆ ಅನ್ನಿಸಿತು. ಮೊಬೈಲಿನಲ್ಲಿ ಸಿನಿಮಾ ಹಚ್ಚಿದೆ.

ಅಣ್ಣ ಬಂದ. ಸಣ್ಣ ಮೈ, ಕಣ್ಣು ಮುಚ್ಚುವಷ್ಟು ದೊಡ್ಡ ಟೋಪಿ. ಗುಂಡಿನ ಸದ್ದು. ಎದೆ ಹಿಡಿದ, ಮೆತ್ತಗಿನ ಜಾಗ ನೋಡಿಕೊಂಡು ಬಿದ್ದ. ನಾನು ಬಂದ್ ಮಾಡಹೋದೆ.

"ತಡಿ," ಎಂದಳು ಅವ್ವ.

ಹೀರೋನ ಡೈಲಾಗ್ ಮುಗಿಯುತ್ತಲೇ ಇಲ್ಲ. ಅವನ ಕಾಲ ಬಳಿ ಸತ್ತು ಬಿದ್ದಿದ್ದ ಅಣ್ಣನ ಬಲಗೈ ಮೆಲ್ಲಗೆ ಎದ್ದಿತು. ಮೂಗಿನ ಮೇಲಿನ ನೊಣ ಓಡಿಸಿ, ಮತ್ತೆ ಸತ್ತಿತು.

ಅವ್ವ ನಕ್ಕಳು. ನಗುತ್ತ ನಗುತ್ತಲೇ ಅಳು ಒಡೆಯಿತು.

"ಟಾಕೀಸಿನ್ಯಾಗ ಮಂದಿಯೆಲ್ಲಾ ಹೋ ಅಂದ್ರು. ನನಗ ಹೋದ ಜೀವ ಬಂತು. ಮಣ್ಣ ಮಾಡೋ ದಿನಾನೂ ಆ ಕೈನ ನೋಡಕೋತ ಕೂತಿದ್ದೆ... ಮೂಗಿನ ಮ್ಯಾಲ ನೊಣ ಕುಂತಿತ್ತು, ಸುಮಂಗಲಾ. ಅಂವ ಓಡಸಲಿಲ್ಲ."

ಅರ್ಧ ರೊಟ್ಟಿ ತಿಂದಿದ್ದಾಳೆ. ಮತ್ತೆ ಹಚ್ಚು ಅಂತ ಕರೆಯುತ್ತಿದ್ದಾಳೆ. ಹೋಗಬೇಕು. ಈ ಸಲ ನಾನೂ ಆ ಕೈಯನ್ನೇ ನೋಡುತ್ತೇನೆ.