ಶೇಕಡಾ ಹದಿನೈದರ ಆಮೆಚಿಪ್ಪು

ಮಾನ್ಯರೇ,

ತಮ್ಮ ಹೆಸರು ನನಗೆ ಗೊತ್ತಿಲ್ಲ. ಆಟ ತೆರೆದಾಗ ಮೂಡುವ ಪ್ರಕಟಣೆಯ ಕೆಳಗೆ ‘ಸಮತೋಲನ ವಿಭಾಗದ ಮುಖ್ಯಸ್ಥರು’ ಎಂದಷ್ಟೇ ಇರುತ್ತದೆ. ಇರಲಿ. ಕಳೆದ ತಿಂಗಳ ಪರಿಷ್ಕರಣೆಯಲ್ಲಿ ತಾವು ಆಮೆಚಿಪ್ಪಿನ ಗುರಾಣಿಯನ್ನು ಬದಲಿಸಿದಿರಿ. ಅದರಿಂದ ನನ್ನ ಅಣ್ಣ ತನ್ನ ತಂಡದಲ್ಲಿ ಇದ್ದೂ ಇಲ್ಲದವನಾದ. ಈ ಪತ್ರ ಅದಕ್ಕಾಗಿ. ತಮ್ಮ ದೂರುಪೆಟ್ಟಿಗೆಗೆ ಮೂರು ಸಲ ಬರೆದೆ. ಮೂರು ಸಲವೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂತು. ಅಷ್ಟು ಅಮೂಲ್ಯವಾದದ್ದನ್ನು ಯಾರೂ ಬಿಚ್ಚಿ ನೋಡುವುದಿಲ್ಲವೇನೋ. ಹಾಗಾಗಿ ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಆಟವಾಡದವರಿಗಾಗಿ ಎರಡು ಮಾತು. ಐದೈದು ಜನರ ಎರಡು ತಂಡ, ಫೋನಿನಲ್ಲಿ ಕಾದಾಟ. ಎದುರಾಳಿಗಳನ್ನು ಕೆಡವಿದಷ್ಟೂ ನಿಮ್ಮ ಪಾತ್ರ ಬಲಿಯುತ್ತದೆ. ಮೊದಲು ಆಮೆಚಿಪ್ಪು ತೊಟ್ಟವರಿಗೆ ಮುನ್ನೂರು ಪ್ರಾಣಬಲ ಸಿಗುತ್ತಿತ್ತು. ಬಡವನೋ ಬಲ್ಲಿದನೋ, ಎಲ್ಲರಿಗೂ ಮುನ್ನೂರು. ಈಗ ಅವರವರಲ್ಲಿ ಆಗಲೇ ಇರುವುದರ ಶೇಕಡಾ ಹದಿನೈದು. ಅಟಿಮೊನಾನ್ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತಳಾದವಳು ನಾನು, ಬೋರ್ಡಿನ ಮೇಲೆ ಬರೆದಂತೆ ಹೇಳುತ್ತೇನೆ. ನಾಲ್ಕು ಸಾವಿರ ಬಲದ ಬಂಟನಿಗೆ ಮುನ್ನೂರರ ಬದಲು ಆರುನೂರು. ಎಂಟುನೂರು ಬಲದ ನನ್ನ ಅಣ್ಣನಿಗೆ ಮುನ್ನೂರರ ಬದಲು ನೂರಿಪ್ಪತ್ತು. ಹೊಟ್ಟೆ ತುಂಬಿದವರಿಗೇ ಮತ್ತೆ ಬಡಿಸುವುದಕ್ಕೆ ‘ಸಮತೋಲನ’ ಎಂಬಷ್ಟು ಚೆಂದದ ಹೆಸರಿದೆಯೆಂದು ನನಗೆ ಗೊತ್ತಿರಲಿಲ್ಲ.

ದೊಡ್ಡ ಬಿರುಗಾಳಿ ಬಂದುಹೋದ ವರ್ಷ ನಮ್ಮ ಬರಂಗಾಯ್‌ನ, ಎಂದರೆ ನಮ್ಮ ವಾರ್ಡಿನ, ಮುಖ್ಯಸ್ಥೆ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ನಿಂತು ಮನೆಗೆ ಐದು ಕಿಲೋ ಅಕ್ಕಿ, ನಾಲ್ಕು ಡಬ್ಬಿ ಸಾರ್ಡೀನ್ ಹಂಚಿದರು. ಅವರೂ ತಮ್ಮಷ್ಟೇ ಜಾಣರಾಗಿ ‘ನಿಮ್ಮ ಮನೆಯಲ್ಲಿ ಉಳಿದಿರುವ ಅಕ್ಕಿಯ ಶೇಕಡಾ ಹದಿನೈದು ಕೊಡುತ್ತೇನೆ’ ಎಂದಿದ್ದರೆ? ಚಾವಣಿಯೇ ಹಾರಿಹೋದವರಿಗೆ ಸೊನ್ನೆಯ ಶೇಕಡಾ ಹದಿನೈದು ಎಷ್ಟು ಬರುತ್ತದೆ, ಸ್ವಾಮಿ? ನನ್ನ ಐದನೇ ತರಗತಿಯ ಮಕ್ಕಳು ಕೈಬೆರಳು ಮಡಿಸದೆ ಹೇಳುತ್ತಿದ್ದರು.

ನನ್ನ ಅಣ್ಣ ಸೆಲ್ಸೊ ನಲವತ್ತು ವರ್ಷ ಟ್ರೈಸಿಕಲ್, ಎಂದರೆ ಪಕ್ಕಕ್ಕೆ ಸೀಟು ಕಟ್ಟಿದ ಬಾಡಿಗೆ ಮೋಟಾರ್‌ಬೈಕು, ಓಡಿಸಿದವನು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಗಾಡಿ ಮಾರಿದ ಮೇಲೂ ಬೆಳಿಗ್ಗೆ ಎದ್ದು ಟ್ರೈಸಿಕಲ್ ನಿಲ್ದಾಣಕ್ಕೇ ಹೋಗಿ ಕೂರುತ್ತಿದ್ದ. ಅಲ್ಲಿನ ಚಾಲಕ ನೊರ್ಬೆರ್ತೊ ಒಂದು ದಿನ ಅವನ ಕೈಗೆ ಫೋನ್ ಕೊಟ್ಟು ತನ್ನ ತಂಡಕ್ಕೆ ಸೇರಿಸಿಕೊಂಡ. ಎಡ ಹೆಬ್ಬೆರಳಿನಿಂದ ನಡೆಯುವುದು, ಬಲಗೈಯ ಗೆಣ್ಣಿನಿಂದ ಒಂದೇ ಒಂದು ಗುಂಡಿ ಒತ್ತುವುದು, ಅಣ್ಣನಿಂದ ಆಗುವುದು ಅಷ್ಟೇ. ಯಾರನ್ನೂ ಕೆಡವಲಾರ, ಹಾಗಾಗಿ ಅವನ ಪಾತ್ರ ಬಲಿಯುವುದೂ ಇಲ್ಲ. ಆದರೆ ಆಮೆಚಿಪ್ಪು ತೊಟ್ಟು ನಮ್ಮ ಕೋಟೆಬಾಗಿಲಲ್ಲಿ ನಿಂತರೆ ಐದು ಜನರ ಏಟು ತಿಂದೂ ಏಳು ಸೆಕೆಂಡು ಬೀಳುತ್ತಿರಲಿಲ್ಲ. ಆ ಏಳು ಸೆಕೆಂಡಿನಲ್ಲಿ ನಾವು ನಾಲ್ವರು ಎದುರಿನವರನ್ನು ಮುಗಿಸುತ್ತಿದ್ದೆವು. ಹೌದು, ಆ ನಾಲ್ವರಲ್ಲಿ ನಾನೂ ಒಬ್ಬಳು. ನಗುವವರು ನಗಲಿ. ಮನೆಯಲ್ಲಿ ಅವನು, ‘ಇವತ್ತು ಎಷ್ಟು ಏಟು ತಿಂದೆ ಗೊತ್ತಾ ಪುರಿಂಗ್?’ ಎಂದು ಹಿಗ್ಗಿನಿಂದ ನನಗೆ ಹೇಳಿಕೊಂಡು ಊಟ ಮಾಡುತ್ತಿದ್ದ.

ತಮ್ಮ ಕಡೆಯೂ ನ್ಯಾಯವಿಲ್ಲವೆಂದಲ್ಲ. ಕೆಲವರು ಆಟದ ಆರಂಭದಲ್ಲೇ ಎರಡೆರಡು ಚಿಪ್ಪು ತೊಟ್ಟು ನುಗ್ಗುತ್ತಿದ್ದರು, ಎದುರಿನವರು ಕಣ್ಣುಬಿಡುವ ಮೊದಲೇ ಆಟ ಮುಗಿಯುತ್ತಿತ್ತು. ಕಂಡಿದ್ದೇನೆ. ಆದರೆ ಇಲಿ ಬಂತೆಂದು ಮನೆಗೇ ಬೆಂಕಿ ಇಡುತ್ತಾರೆಯೇ?

ಪರಿಷ್ಕರಣೆ ಬಂದ ಭಾನುವಾರ, ಚರ್ಚಿನ ಪೂಜೆ ಮುಗಿಸಿಕೊಂಡು, ನಿಲ್ದಾಣದ ತಗಡಿನ ನೆರಳಲ್ಲಿ ಪಕ್ಕದ ಬರಂಗಾಯ್ ತಂಡದ ಜೊತೆ ಅಭ್ಯಾಸಕ್ಕೆ ಕೂತೆವು. ಮೇ ಹಬ್ಬದ ಪಂದ್ಯ ಹತ್ತಿರ ಬಂದಿತ್ತು. ಮೊದಲ ಕಾದಾಟದಲ್ಲಿ, ಎದುರಿನವರ ಚಿಪ್ಪು ದಪ್ಪಗಾಗಿ ಅವರಲ್ಲಿ ಒಬ್ಬರೂ ಬೀಳದೆ ಐವರೂ ಹೊಡೆದಿದ್ದರಿಂದ, ಅಣ್ಣ ಮೂರು ಸೆಕೆಂಡಿಗೆ ಬಿದ್ದ. ಎರಡನೆಯದರಲ್ಲೂ ಅಷ್ಟೇ. ಮೂರನೆಯದಕ್ಕೆ ಎದುರು ಬೆಂಚಿನಿಂದ ಒಬ್ಬ, ಹಿರಿಯರ ಹೆಸರಿಗೆ ಗೌರವಕ್ಕೆ ಹಚ್ಚುವ ‘ಮಾಂಗ್’ ಸೇರಿಸಿಯೇ, ತನ್ನವರಿಗೆ ಹೇಳಿದ್ದು ನಮಗೆಲ್ಲ ಕೇಳಿಸಿತು. ‘ಮಾಂಗ್ ಸೆಲ್ಸೊನ ಬಿಡ್ರೋ, ಪಾಪ. ಪಕ್ಕದಿಂದ ಹೋಗಿ.’ ಬಾಗಿಲಲ್ಲಿ ನಿಂತ ಅಣ್ಣನ ಪಕ್ಕದಿಂದಲೇ ಐವರೂ ಹಾದುಬಂದು ನಮ್ಮನ್ನು ಮುಗಿಸಿದರು. ಅವನು ಮಾತ್ರ ಕೊನೆಯವರೆಗೂ ಬದುಕಿದ್ದ.

ನೊರ್ಬೆರ್ತೊ ಒಳ್ಳೆಯವನು, ಸ್ವಂತ ಅಣ್ಣನಿಗೆ ಹೇಳುವಂತೆ ‘ಕುಯಾ’ ಎಂದೇ ಅಣ್ಣನನ್ನು ಕರೆಯುವವನು, ಮೆಲ್ಲಗೆ ಹೇಳಿದ. ‘ತಲೆ ಕೆಡಿಸ್ಕೋಬೇಡಿ ಕುಯಾ. ನಾಲ್ಕೇ ಜನ ಅಂದ್ಕೊಂಡು ನಾವು ಆಡ್ತೀವಿ. ನೀವು ಸುಮ್ನೆ ಜೊತೇಲಿರಿ.’

‘ಅಂದ್ರೆ ಸಾಲಿಂಗ್ ಪುಸಾ ಅನ್ನು,’ ಎಂದ ಅಣ್ಣ.

ನಮ್ಮ ಬೀದಿಯಾಟಗಳಲ್ಲಿ ಅಳುವ ಪುಟ್ಟ ಮಗುವನ್ನು ಅಟ್ಟಲಾರದೆ ಸೇರಿಸಿಕೊಳ್ಳುತ್ತೇವಲ್ಲ, ಯಾರೂ ಬೆನ್ನಟ್ಟುವುದಿಲ್ಲ, ಮುಟ್ಟಿದರೂ ಔಟಿಲ್ಲ, ಆ ಮಗುವಿಗೆ ಹೇಳುವ ಹೆಸರದು. ಆಟಕ್ಕುಂಟು, ಲೆಕ್ಕಕ್ಕಿಲ್ಲ.

‘ಛೆ, ಹಾಗಲ್ಲ ಕುಯಾ.’

‘ಹಾಗೇ ಕಣೋ. ಅರವತ್ನಾಕು ವರ್ಷಕ್ಕೆ ಬಡ್ತಿ ಸಿಕ್ತು ನೋಡು.’ ಅವನೊಬ್ಬನೇ ನಕ್ಕ. ಫೋನನ್ನು ನನ್ನ ಮಡಿಲಿಗೆ ಹಾಕಿ, ತಗ್ಗಿದ ದನಿಯಲ್ಲಿ ಹೇಳಿದ. ‘ಅವ್ರು ನನ್ನ ಹೊಡೀಲೇ ಇಲ್ಲ ಕಣೇ ಪುರಿಂಗ್.’

ಅಂದಿನಿಂದ ಅವನು ಫೋನ್ ಮುಟ್ಟಿಲ್ಲ. ನಿಲ್ದಾಣಕ್ಕೆ ಬರುತ್ತಾನೆ, ನಮಗೆಲ್ಲ ಬಾಳೆಲೆಯಲ್ಲಿ ಪನ್ಸಿತ್ ಶ್ಯಾವಿಗೆ ತಂದು ಹಂಚುತ್ತಾನೆ, ಆಟ ಶುರುವಾದರೆ ರಸ್ತೆ ನೋಡುತ್ತಾನೆ. ಪಂದ್ಯಕ್ಕೆ ಐದು ಹೆಸರು ಕೊಡಲು ಹನ್ನೊಂದು ದಿನ ಉಳಿದಿದೆ. ನೊರ್ಬೆರ್ತೊ ನಾಲ್ಕು ಬರೆದು ಐದನೆಯ ಸಾಲು ಖಾಲಿ ಬಿಟ್ಟಿದ್ದಾನೆ. ಅಣ್ಣನ ಹೆಸರು ಬರೆಯಲು ಅಣ್ಣ ಬಿಡುತ್ತಿಲ್ಲ, ಬೇರೆಯವರ ಹೆಸರು ಬರೆಯಲು ನೊರ್ಬೆರ್ತೊಗೆ ಕೈ ಬರುತ್ತಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಹೊಟ್ಟೆಯೊಳಗಿಟ್ಟುಕೊಂಡು ಸಾಕಾಗಿದೆ. ಬದಲಾವಣೆಗೆ ಮೊದಲು ತಾವೊಂದು ಸಮೀಕ್ಷೆ ಕಳಿಸಿದ್ದಿರಿ. ‘ಪ್ರತಿಯೊಬ್ಬರಿಗೂ ಅವರವರ ಬಲಕ್ಕೆ ತಕ್ಕಂತೆ ಸಿಗುವುದು ನ್ಯಾಯವೇ?’ ತಕ್ಕಂತೆ ಎಂದರೆ ನ್ಯಾಯವೇ ತಾನೇ ಎಂದುಕೊಂಡು ನಾನು ಒಪ್ಪಿಗೆ ಒತ್ತಿದೆ. ಅಕ್ಕಿ ತೊಳೆಯುತ್ತಾ ಒತ್ತಿದೆ, ಲೆಕ್ಕ ಹಾಕಲಿಲ್ಲ. ಅಣ್ಣನಿಗೆ ಇದನ್ನು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಆದ್ದರಿಂದ ಈಗ ಲೆಕ್ಕ ಹಾಕಿಯೇ ಕೇಳುತ್ತೇನೆ. ಹಳೆಯದನ್ನು ಪೂರ್ತಿ ಕೊಡಬೇಡಿ. ಎಲ್ಲರಿಗೂ ಸಮನಾಗಿ ಇನ್ನೂರು ಕೊಡಿ, ಅದರ ಮೇಲೆ ಅವರವರ ಬಲದ ಶೇಕಡಾ ಐದು ಸೇರಿಸಿ, ಒಬ್ಬರಿಗೆ ಒಂದೇ ಚಿಪ್ಪು ಎಂದು ನಿಯಮ ಮಾಡಿ. ಬಲ್ಲಿದನಿಗೆ ನಾನೂರು, ಅಣ್ಣನಿಗೆ ಇನ್ನೂರ ನಲವತ್ತು. ಏಳಲ್ಲದಿದ್ದರೆ ಆರು ಸೆಕೆಂಡು ನಿಲ್ಲುತ್ತಾನೆ. ಹನ್ನೊಂದು ದಿನದೊಳಗೆ ಮಾಡಿ. ಅವನನ್ನು ಗೆಲ್ಲಿಸಿ ಎಂದು ಕೇಳುತ್ತಿಲ್ಲ, ಕನಿಕರವನ್ನಂತೂ ಕೇಳುತ್ತಲೇ ಇಲ್ಲ, ಅದು ಅವನಿಗೆ ಸಿಕ್ಕಿ ಸಾಕಾಗಿದೆ. ಎದುರಿನ ಐವರೂ ಅವನನ್ನು ಕಂಡು ನಿಂತು, ಕೈಲಾದಷ್ಟು ಜೋರಾಗಿ ಹೊಡೆಯಬೇಕಾಗಿ ಬರಲಿ. ಅಷ್ಟು ಸಾಕು.

ಇಂತಿ,
ಶೇಕಡಾ ಲೆಕ್ಕ ಊರಿಗೆಲ್ಲ ಕಲಿಸಿ, ತನ್ನ ಸರದಿ ಬಂದಾಗ ತಪ್ಪಿದ
ಪುರಿಸಿಮಾ ವಿಲ್ಯಾಮೊರ್,
ಸೆಲ್ಸೊನ ತಂಗಿ