ಎಡಗಡೆಯ ತೆಪ್ಪ

ನವೆಂಬರ್ 10, ಸೋಮವಾರ. ಬೆಳಿಗ್ಗೆ 11
ಎರಡು ಆಲ್ಬಮ್ ಬಾಕಿ. ಕಂಪ್ಲಿ ಮದುವೆಯವರು ಆಗಲೇ ಮೂರು ಸಲ ಫೋನ್. ಹುಡುಗನ ಸೋದರಮಾವನ ಹೊಟ್ಟೆ ಕಾಣದ ಹಾಗೆ ಕ್ರಾಪ್ ಮಾಡಬೇಕಂತೆ. ಎಲ್ಲಿಂದ ಕತ್ತರಿಸಲಿ, ಹೊಟ್ಟೆ ತೆಗೆದರೆ ಮಾವನೇ ಉಳಿಯುವುದಿಲ್ಲ!

ನಡುವೆ ನಿನ್ನೆಯ ಹಾಯಿದೋಣಿಗಳು. ಡ್ಯಾಮಿನ ಹಿನ್ನೀರಿನಲ್ಲಿ ತರಬೇತಿ ಶಿಬಿರ. ನಾನೂರು ಕ್ಲಿಕ್, ನೆಟ್ಟಗಿರುವುದು ಹನ್ನೆರಡು. ಒಂದಂತೂ ಮಸ್ತ್ — ಮೂರು ಬಿಳಿ ಹಾಯಿ, ಹಿಂದೆ ಸಂಡೂರಿನ ಗುಡ್ಡ. ದೋಣಿ ಹೋಗುವ ಕಡೆ ಜಾಗ ಬಿಡಬೇಕು, ಇಲ್ಲದಿದ್ದರೆ ಗೋಡೆಗೆ ಹಾಯ್ದಂತೆ ಕಾಣುತ್ತದೆ. ಬಿಟ್ಟಿದ್ದೆ. ಆ ಜಾಗದ ತುದಿಯಲ್ಲಿ, ಎಡಗಡೆ, ಯಾವನೋ ತೆಪ್ಪದವ. ಎದ್ದು ನಿಂತು ಟಾಟಾ ಮಾಡುತ್ತಿದ್ದಾನೆ ಮಹಾರಾಯ. ಕ್ರಾಪ್ ಮಾಡಿ ತೆಗೆದೆ ಅವನನ್ನು. ಈಗ ದೋಣಿಗಳ ಮುಂದೆ ಬರೀ ನೀರು. ಸೇವ್. ಪ್ರಿಂಟ್ ಹಾಕಿ ಶಿಬಿರದವರಿಗೆ ಕಳಿಸಿಯೂ ಆಯಿತು.

ನವೆಂಬರ್ 14, ಶುಕ್ರವಾರ. ಸಂಜೆ
ಶಿಬಿರ ನಡೆಸುವ ವಿರುಪಾಕ್ಷಪ್ಪ ಸರ್ ಸ್ಟುಡಿಯೋಕ್ಕೇ ಬಂದಿದ್ದರು. ಅವತ್ತು ನಾನು ಆ ಫೋಟೋ ತೆಗೆದು ಕಂಪ್ಲಿಗೆ ಓಡಿದ ಮೇಲೆ ಒಂದು ದೋಣಿ ಮೀನಿನ ಬಲೆಗೆ ಸಿಕ್ಕಿ ಮಗುಚಿದೆ. ಕಲಿಯಲು ಬಂದಿದ್ದ ಹುಡುಗಿಯ ಕೈ ಮುರಿದಿದೆ. ಬಲೆಯವನ ಮೇಲೆ ದೂರು ಕೊಟ್ಟಿದ್ದಾರೆ. ಅವನ ಮೀನು ಹಿಡಿಯುವ ಲೈಸನ್ಸ್ ರದ್ದು ಮಾಡಿಸುತ್ತಾರಂತೆ.

"ಎದ್ದು ನಿಂತು ಕೈ ಬೀಸಿದ್ದೆ, ಇವರ ನೋಡ್ಲಿಲ್ಲ ಅಂತಾನ ಮೇಡಂ. ಸುಳ್ಳ! ನಿಮ್ ಫೋಟೋ ನೋಡ್ರಿ, ಮುಂದ ಒಂದ್ ನರಪಿಳ್ಳೆ ಇಲ್ಲ. ಇದ ನಮಗ ಸಾಕ್ಷಿ."

ಟಾಟಾ ಮಾಡಿದ ಆ ತೆಪ್ಪದವ! ‘ಈ ಫೋಟೋ ನಾನೇ ತೆಗೆದದ್ದು’ ಎಂದು ಟೈಪ್ ಮಾಡಿಸಿ ತಂದಿದ್ದರು. ಜೊತೆಗೇ ಮುಂದಿನ ವರ್ಷದ ಶಿಬಿರಗಳ ಆರ್ಡರ್ ಮಾತು. ಸಹಿ ಹಾಕಿದೆ.

ನಾನೇ ತೆಗೆದದ್ದು, ಸುಳ್ಳೇನಲ್ಲ... ಥೂ, ಯಾರಿಗೆ ಹೇಳುತ್ತಿದ್ದೇನೆ ಇದನ್ನು?

ಅವರು ಹೋದ ಮೇಲೆ ಕತ್ತರಿಸದ ಮೂಲ ಫೋಟೋಕ್ಕಾಗಿ ಕಂಪ್ಯೂಟರ್ ಎಲ್ಲ ಜಾಲಾಡಿದೆ. ಕ್ರಾಪ್ ಮಾಡಿದ್ದನ್ನು ಅದೇ ಹೆಸರಿನಲ್ಲಿ ಸೇವ್ ಮಾಡಿದ್ದೇನೆ. ಕ್ಯಾಮೆರಾದ ಕಾರ್ಡ್ ಅಳಿಸಿ ಇನ್ನೆರಡು ಮದುವೆ ತುಂಬಿಯಾಗಿದೆ. ಹುಡುಕಿ ಸಿಗದಿದ್ದಾಗ ಸಮಾಧಾನವಾಯಿತು. ಅದೇ ಹೆಚ್ಚು ನಾಚಿಕೆ.

ನವೆಂಬರ್ 24, ಸೋಮವಾರ. ಮಧ್ಯಾಹ್ನ 3
ಹತ್ತು ದಿನ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ.

ಇವತ್ತು ಗಂಡ ಹೆಂಡತಿ ಬಂದರು. ಪಾಸ್‌ಪೋರ್ಟ್ ಸೈಜ್ ಬೇಕು, ಅರ್ಜಿಗೆ. ಹೆಸರು ಉಚ್ಚೆಂಗಪ್ಪ. ಸ್ಟೂಲಿನ ಮೇಲೆ ಕೂತು ಗದ್ದ ಎತ್ತಿದ. ಕ್ಯಾಮೆರಾದಲ್ಲಿ ನೋಡಿದ ಕೂಡಲೇ ಗುರುತು ಹತ್ತಿತು. ಅವನಿಗೆ ನನ್ನ ಗುರುತಿಲ್ಲ. ಅವತ್ತು ಬಿಸಿಲಿಗೆ ಮುಖದ ತುಂಬ ದುಪಟ್ಟಾ ಸುತ್ತಿಕೊಂಡಿದ್ದೆ.

"ಯಾತರ ಅರ್ಜಿ?" ಕೇಳಬಾರದಿತ್ತು. ಕೇಳಿದೆ.

"ಬಲಿ ಬಿಟ್ಟೀನಿ, ಆ ಕಡೆ ಹೋಗ್ರಿ ಅಂತ ಎರಡೂ ಕೈಲೆ ಬೀಸೀನ್ರಿ ಅಕ್ಕಾರ. ಗಂಟಲು ಹರಿಯೋ ಹಂಗ ಒದರೀನಿ. ಈಗ ನಾ ಅಲ್ಲಿ ಇರ್ಲೇ ಇಲ್ಲ ಅಂತಾರ. ಫೋಟೋ ತೋರಿಸ್ತಾರ. ಫೋಟೋದಾಗ ನಾ ಇಲ್ಲಂತ!"

ಹೆಂಡತಿ ಹೊನ್ನೂರಮ್ಮ ಬಾಗಿಲಲ್ಲೇ ನಿಂತಿದ್ದಳು. "ಊರಾಗೆಲ್ಲ ಸುಳ್ಳಬುರುಕ ಅಂತಾರ ಈಗ. ಲೈಸನ್ಸ್ ಹೋದ್ರೂ ಹೋಗ್ಲಿ, ಆ ಮಾತು ತಡಕಣಾಕ ಆಗವಲ್ದು ನೋಡ್ರಿ."

"ಸುಮ್ನಿರ್ಲೇ," ಅಂದ ಅವನು. "ದಂಡಿಮ್ಯಾಗ ಕ್ಯಾಮೆರಾದಾಕಿ ಇದ್ಲು. ನನ್ನ ಕಡೀನ ನೋಡ್ಯಾಳ. ಆಕಿ ಬಂದು ಹೇಳೇ ಹೇಳ್ತಾಳ. ಹೆಣ್ಮಗಳು, ಸುಳ್ಳ್ಯಾಕ ಹೇಳ್ಯಾಳು?"

ಎಂಟು ಕಾಪಿ ಕೊಟ್ಟೆ. ಹಣ ಬೇಡ ಎಂದರೆ ಕೇಳಲಿಲ್ಲ, ಟೇಬಲ್ ಮೇಲಿಟ್ಟೇ ಹೋದ. ಗುರುವಾರ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಣೆಯಂತೆ.

ನವೆಂಬರ್ 25, ಮಂಗಳವಾರ. ಬೆಳಿಗ್ಗೆ 10
ಅಪ್ಪನಿಗೆ ಎಲ್ಲ ಹೇಳಿದೆ. ಸಹಿಯ ವಿಷಯ ಹೇಳುವಾಗ ಅಳು ಬಂತು. ಅಪ್ಪ ಕನ್ನಡಕ ತೆಗೆದು ಒರೆಸಿದರು.

"ಪ್ರೂಫ್ ಹಾಕಿದ್ದೆಲ್ಲವಾ, ಅದೇನಾತು?"

ದೊಡ್ಡ ಪ್ರಿಂಟಿಗೆ ಮುಂಚೆ ಚಿಕ್ಕ ಪ್ರೂಫ್ ಹಾಕಿ, ಕತ್ತರಿಸುವ ಗೆರೆಯನ್ನು ಕೆಂಪು ಪೆನ್ಸಿಲಿನಲ್ಲಿ ಎಳೆಯಬೇಕು — ಈ ಸ್ಟುಡಿಯೋದಲ್ಲಿ ಅಪ್ಪನ ಕಾಯಿದೆ. ಎಷ್ಟು ಜಗಳವಾಡಿದ್ದೇನೆ ಅದಕ್ಕೆ, ಯಾವ ಕಾಲದವರಪ್ಪಾ ನೀವು ಅಂತ. ರಟ್ಟಿನ ಡಬ್ಬಿ ಸುರಿದೆ. ಸಿಕ್ಕಿತು.

ಟಾಟಾ ಅಲ್ಲ. ಎರಡೂ ಕೈ ಮೇಲೆ, ಬಾಯಿ ತೆರೆದಿದೆ. ಅವನ ಮುಂದೆ ಬಲೆಯ ಬೆಂಡುಗಳೂ ಸಾಲಾಗಿ ಕಾಣುತ್ತವೆ. ನನ್ನ ಕೆಂಪು ಗೆರೆ ತೆಪ್ಪದ ಪಕ್ಕದಲ್ಲೇ ಹಾದಿದೆ. ಬಿಳಿ ಅಂಚಿನಲ್ಲಿ ನನ್ನದೇ ಅಕ್ಷರ: ‘ಈ ದರಿದ್ರದವನನ್ನು ತೆಗೆ. ಫ್ರೇಮೇ ಹಾಳು.’

ಪ್ರೂಫನ್ನು ಕಟರ್ ಮೇಲಿಟ್ಟೆ. ಅಂಚು ಹೋದರೆ ಅಕ್ಷರ ಹೋಗುತ್ತದೆ, ಅವನು ಉಳಿಯುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪ ನೋಡುತ್ತಿದ್ದರು.

ಕತ್ತರಿಸಲಿಲ್ಲ. ವಿರುಪಾಕ್ಷಪ್ಪ ಸರ್‌ಗೆ ಫೋನ್ ಮಾಡಿ ಹೇಳಿದೆ. "ಉಂಡ ಮನಿ ಗಳ ಎಣಿಸ್ತೀರೇನ್ರಿ?" ಅಂತ ಕೂಗಾಡಿ ಇಟ್ಟರು.

ನವೆಂಬರ್ 27, ಗುರುವಾರ. ಬೆಳಿಗ್ಗೆ 10:40, ಕಚೇರಿಯ ಜಗಲಿ
ಅವರಿಬ್ಬರೂ ನನಗಿಂತ ಮುಂಚೆ ಬಂದಿದ್ದರು. ಪ್ರಿಂಟ್ ಕೈಗೆ ಕೊಟ್ಟು ಹೇಳಿಬಿಟ್ಟೆ — ಕ್ಯಾಮೆರಾದಾಕೆ ನಾನೇ, ನಿಮ್ಮನ್ನು ಕತ್ತರಿಸಿದವಳೂ ನಾನೇ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಂದ್ಲು ನೋಡ್ಲೇ! ನಾ ಹೇಳಿದ್ದಿಲ್ಲೇನು?" ಎಂದು ಹೆಂಡತಿಗೆ ತೋರಿಸಿದ. ಹೊನ್ನೂರಮ್ಮ ಸೆರಗಿನಿಂದ ಪ್ರಿಂಟ್ ಒರೆಸಿ ಒರೆಸಿ ನೋಡಿದಳು. ಇಬ್ಬರಿಗೂ ಓದು ಬರುವುದಿಲ್ಲ. ಅವನು ಅಂಚಿನ ಮೇಲೆ ಬೆರಳಿಟ್ಟ.

"ನನ್ನ ಬಾಜೂಕ ಏನೋ ಬರದೀರಲ್ರಿ ಅಕ್ಕಾರ. ನನ್ ಹೆಸರೇನು?"

ನೀರು ಕುಡಿದು ಬರುತ್ತೇನೆ ಎಂದು ಎದ್ದು ಈ ತುದಿಗೆ ಬಂದು ಕೂತಿದ್ದೇನೆ. ಒಳಗೆ ಸಾಹೇಬರು ಗಟ್ಟಿಯಾಗಿ ಓದೇ ಓದುತ್ತಾರೆ. ಅದಕ್ಕೆ ಮುಂಚೆ ನನ್ನ ಬಾಯಿಂದಲೇ ಕೇಳಬೇಕು ಅವನು. ಹೌದು, ನಿನ್ನ ಹೆಸರೇ ಅಂದುಬಿಡಲೇ... ಇಲ್ಲ.

ಎದ್ದು ಇತ್ತಲೇ ಬರುತ್ತಿದ್ದಾರೆ ಇಬ್ಬರೂ. ಪ್ರಿಂಟ್ ಅವನ ಕೈಯಲ್ಲಿದೆ. ನಗುತ್ತಿದ್ದಾನೆ. ಓದಿ ಹೇಳುತ್ತೇನೆ, ಈಗಲೇ, ಮೊದಲ ಪದ—